ಕುಂಡದ ತೂಕ

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇದ್ದರೆ ನಾಳೆಯಿಂದ ನಮ್ಮ ಮನೆ ನಲ್ಲಿಯಲ್ಲಿ ಬರೀ ಗಾಳಿ ಬರಲಿ.

ಪುಟ್ಟಿ ಕಿಟಕಿಯ ಕುಂಡವನ್ನು ಎತ್ತಿದವಳು ಎತ್ತಿದ ಹಾಗೇ ನಿಂತಳು. ಹತ್ತು ದಿನದ ಹಿಂದೆ ಖಾಲಿ ಡಬ್ಬಿಯ ಹಾಗಿದ್ದ ಕುಂಡ ಈಗ ಇಸ್ತ್ರಿಪೆಟ್ಟಿಗೆಯ ಹಾಗಿತ್ತು.

“ಇದಕ್ಕೆ ನೀರು ಹಾಕಿದ್ದು ಯಾರು?”

ಹಜಾರದಲ್ಲಿ ಹದಿನೈದಿಪ್ಪತ್ತು ಜನ ಕೂತಿದ್ದರು. ನಡುವೆ ಅವಳ ದೊಡ್ಡಪ್ಪ ಮಲಗಿದ್ದರು, ಜೀವಮಾನದಲ್ಲಿ ಮೊದಲ ಸಲ ಯಾವ ಸದ್ದಿಗೂ ಕಿವಿ ಕೊಡದೆ. ಮೂವತ್ತೊಂದು ವರ್ಷ ನೀರು ಸರಬರಾಜಿನ ಕಚೇರಿಯಲ್ಲಿ ಅವರದು ಸೋರಿಕೆ ಹುಡುಕುವ ಕೆಲಸ. ಕಬ್ಬಿಣದ ಸಲಾಕೆಯ ಒಂದು ತುದಿ ರಸ್ತೆಗೆ, ಇನ್ನೊಂದು ತುದಿ ಕಿವಿಗೆ. ಎಲ್ಲಿ ಬೆರಳು ತೋರಿಸಿದರೋ ಅಲ್ಲಿ ಅಗೆದರೆ ಪೈಪು ಒಡೆದಿರುತ್ತಿತ್ತು. ಜೊತೆಯವರು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಸಲಾಕೆ ಈಗ ಮೂಲೆಗೆ ಒರಗಿತ್ತು.

“ನಾನಂತೂ ಅಲ್ಲ,” ಎಂದ ಕೆಳಗಿನ ಮನೆಯ ದರ್ಜಿ. “ಒಂದೇ ಲೋಟ.”

ಕಚೇರಿಯ ಇಂಜಿನಿಯರ್ ಗಂಟಲು ಸರಿಮಾಡಿಕೊಂಡರು. “ನಾನು ಕುಡಿದು ಮಿಕ್ಕಿದ್ದು ಸ್ವಲ್ಪ… ನೀರು ಪೋಲು ಮಾಡೋ ಹಾಗಿಲ್ಲ ನೋಡಿ, ನಮ್ಮಲ್ಲಿ.”

“ದಿನಕ್ಕೆರಡು ಸಲ ಹಾಕಿದ್ದು ನಾನು,” ಎಂದರು ಅತ್ತೆ, ಜಗ್ಗು ಹಿಡಿದುಕೊಂಡೇ. ಸತ್ತವರ ತಂಗಿ, ಅವರು ಆಸ್ಪತ್ರೆ ಸೇರಿದ ಮೇಲೆ ಮನೆ ನೋಡಿಕೊಂಡವರು. ಶಾಲೆಯ ಊಟದ ಮನೆಯಲ್ಲಿ ಇನ್ನೂರು ಮಕ್ಕಳಿಗೆ ಬಡಿಸಿದ ಕೈ ಅದು. ಖಾಲಿ ಲೋಟ ಕಂಡರೆ ಸುಮ್ಮನಿರುತ್ತಿರಲಿಲ್ಲ. ಬೆಳಗ್ಗಿನಿಂದ ಬಂದವರಿಗೆಲ್ಲ ನೀರು ಬಗ್ಗಿಸಿದ್ದೇ ಬಗ್ಗಿಸಿದ್ದು, ತಾವು ಮಾತ್ರ ಒಂದು ಗುಟುಕೂ ಕುಡಿದಿರಲಿಲ್ಲ. “ಎಲೆಯೆಲ್ಲ ಸುಕ್ಕಾಗಿತ್ತು ಕಣೇ. ಅಣ್ಣ ಅಲ್ಲಿ ನರಳ್ತಿರುವಾಗ ಇದೊಂದು ಇಲ್ಲಿ ಬಾಯಾರಿ ಸಾಯ್ಬೇಕಾ?”

“ಚಳಿಗಾಲದಲ್ಲಿ ಅದು ಹಾಗೇ ಇರುತ್ತೆ ಅತ್ತೆ. ನಿದ್ದೆ ಮಾಡ್ತಿರುತ್ತೆ.”

“ನಿದ್ದೆ ಮಾಡೋರಿಗೆ ಬಾಯಾರಲ್ವಾ?” ಎಂದ ದರ್ಜಿ.

ಪುಟ್ಟಿ ಅಡಿಯ ಒಂದು ಎಲೆಯನ್ನು ಮುಟ್ಟಿದಳು. ಹಳದಿ ತಿರುಗಿ ಗಾಜಿನ ಹಾಗೆ ಆಚೆಯದು ಕಾಣುತ್ತಿತ್ತು. ಮುಟ್ಟಿದ್ದೇ ತಡ, ಬಿದ್ದುಹೋಯಿತು. ಆಸ್ಪತ್ರೆಗೆ ಹೊರಟ ದಿನ ದೊಡ್ಡಪ್ಪ ಅವಳ ಮಣಿಕಟ್ಟು ಹಿಡಿದು ಹೇಳಿದ್ದು ಒಂದೇ ಮಾತು: “ಒಂದ್ಸಲ ಕಲ್ತಿದ್ದೀಯ. ಅದಕ್ಕೇ ನಿನಗೆ ಬಿಟ್ಟು ಹೋಗ್ತಿದ್ದೀನಿ.” ಅವಳು ಅವರ ಹಾಸಿಗೆಯ ಪಕ್ಕ ಕೂತಳೇ ಹೊರತು ಗಿಡದ ಪಕ್ಕ ಕೂರಲಿಲ್ಲ.

*

ಆ ಒಂದ್ಸಲ ಅವಳಿಗೆ ಒಂಬತ್ತು ವರ್ಷ.

ದೊಡ್ಡಪ್ಪ ಸಂತೆಯಿಂದ ಒಂದು ಗಿಡ ತಂದಿದ್ದರು. ಚೀಟಿಯಲ್ಲಿ ಸಕ್ಯುಲೆಂಟ್ ಎಂದಿತ್ತು. ಮನೆಯವರು ಕಲ್ಲುಗುಲಾಬಿ ಎಂದರು. ಬೂದಿ ಹಸಿರಿನ ದಪ್ಪ ಎಲೆಗಳು ಸುತ್ತಿನ ಮೇಲೆ ಸುತ್ತು ಜೋಡಿಸಿಕೊಂಡು, ಅರಳಿದ ಹೂವಿನ ಹಾಗೆ ಕೂತಿದ್ದವು. ಅವರು ಕೆಲಸದ ಮೇಲೆ ಎರಡು ವಾರ ಹೊರಗೆ ಹೋದಾಗ ಪುಟ್ಟಿ ಶಾಲೆಯಿಂದ ಬಂದವಳೇ ಮೊದಲು ಗಿಡಕ್ಕೆ ಕುಡಿಸಿ ಆಮೇಲೆ ತಾನು ಕುಡಿದಳು. ಭಾನುವಾರ ರಜ ಇದ್ದದ್ದರಿಂದ ಮೂರು ಸಲ. ದೊಡ್ಡಪ್ಪ ವಾಪಸು ಬಂದು ಮುಟ್ಟಿದರೆ ಇಡೀ ಗುಲಾಬಿ ಟೋಪಿ ಕಳಚಿದ ಹಾಗೆ ಕೈಗೆ ಬಂತು.

“ನಾನೇ ಸಾಯಿಸ್ದೆ ಅಲ್ವಾ?”

“ಸಾಯಿಸ್ಲಿಲ್ಲ. ಮುದ್ದು ಜಾಸ್ತಿ ಆಯ್ತು, ಅಷ್ಟೆ.”

ಕೊಳೆತದ್ದರ ನಡುವೆ ಗಟ್ಟಿಯಾಗಿದ್ದ ಒಂದೇ ಒಂದು ಎಲೆ ಆರಿಸಿ, ಡಬ್ಬಿಯ ಮುಚ್ಚಳದಲ್ಲಿ ಒಣಮಣ್ಣು ಹರಡಿ, ಅದರ ಮೇಲೆ ಮಲಗಿಸಿದರು.

“ಈಗ ಏನ್ ಮಾಡ್ಬೇಕು?”

“ಏನೂ ಮಾಡ್ಬಾರ್ದು. ಕಷ್ಟ ಇರೋದೇ ಅಲ್ಲಿ.”

ಇಪ್ಪತ್ತಾರನೆಯ ದಿನ ಎಲೆಯ ಬುಡದಲ್ಲಿ ಗುಲಾಬಿ ಬಣ್ಣದ ದಾರದಂಥ ಬೇರು ಬಂತು. ಆಮೇಲೆ ಸಾಸಿವೆಯಷ್ಟು ದೊಡ್ಡ ಗುಲಾಬಿ. ದೊಡ್ಡಪ್ಪ ಸಲಾಕೆಯ ತುದಿಯನ್ನು ಮುಚ್ಚಳಕ್ಕೆ ಆನಿಸಿ ಬಹಳ ಹೊತ್ತು ಕಿವಿಗೊಟ್ಟರು.

“ಏನ್ ಕೇಳಿಸ್ತು?”

“ಏನೂ ಇಲ್ಲ. ದಿನವಿಡೀ ಸೋರೋದನ್ನೇ ಕೇಳೋ ಕಿವಿಗೆ ಇದೊಂದೇ ರಜ.” ಆಮೇಲೆ ಹೇಳಿಕೊಟ್ಟರು: “ಚಳಿಗಾಲ ಬಿಟ್ಟು ವಾರಕ್ಕೊಂದ್ಸಲ ಎತ್ತಿ ನೋಡು. ಖಾಲಿ ಡಬ್ಬಿ ಅನ್ನಿಸಿದ್ರೆ ನೀರು. ಇಲ್ಲಾಂದ್ರೆ ಎರಡೂ ಕೈ ಜೇಬಲ್ಲಿ.”

ಕಿಟಕಿಯಲ್ಲಿ ಇದ್ದದ್ದು ಆ ಸಾಸಿವೆಯೇ. ಈಗ ಊಟದ ತಟ್ಟೆಯಷ್ಟಾಗಿತ್ತು.

*

ಪುಟ್ಟಿ ನೆಲದ ಮೇಲೆ ಪೇಪರ್ ಹಾಸಿ ಕುಂಡ ಬೋರಲು ಹಾಕಿದಳು. ಕೆಸರು ಮುದ್ದೆಯಾಗಿ ಬಿತ್ತು. ಬೇರು ಕಪ್ಪು, ಕಾಂಡದ ಬುಡ ಕಪ್ಪು. ಅವಳದು ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ; ಮೇಣ ಕೆತ್ತುವ ಚಾಕು ಚೀಲದಲ್ಲೇ ಇತ್ತು.

“ಇವತ್ತು ಕತ್ತರಿಸ್ತೀಯೇನೇ? ಇವತ್ತು?” ಅತ್ತೆಯ ದನಿ ಒಡೆಯಿತು.

“ನಾಳೆಗೆ ಕೊಳೆ ತಲೆವರೆಗೂ ಹತ್ತುತ್ತೆ ಅತ್ತೆ.”

ಕಾಂಡವನ್ನು ಬುಡದಿಂದ ಕೊಯ್ಯುತ್ತ ಬಂದಳು. ಮೊದಲ ಬಿಲ್ಲೆ ಕಪ್ಪು. ಎರಡನೆಯದೂ ಕಪ್ಪು. ಮೂರನೆಯದು ಕಂದು. ಯಾವಾಗಲೋ ಏನೋ, ದುಃಖಕ್ಕೆ ಬಂದವರೆಲ್ಲ ಕುರ್ಚಿ ಎಳೆದುಕೊಂಡು ಅವಳ ಸುತ್ತ ಸೇರಿದ್ದರು. ಸತ್ತವರ ಬಳಿ ಒಬ್ಬರೂ ಉಳಿದಿರಲಿಲ್ಲ. ಅದಕ್ಕೆ ಅವರೇನೂ ಬೇಸರಪಟ್ಟುಕೊಂಡ ಹಾಗೆ ಕಾಣಲಿಲ್ಲ. ನಾಲ್ಕನೆಯ ಬಿಲ್ಲೆಯ ನಡುವೆ ಇನ್ನೂ ಒಂದು ಕಂದು ಚುಕ್ಕೆ. ಕಾಂಡ ಉಳಿದದ್ದು ಉಗುರಿನಷ್ಟು.

“ಇನ್ನೊಂದು ಕೊಯ್ದ್ರೆ ಮುಗೀತು,” ಎಂದರು ಇಂಜಿನಿಯರ್.

“ಕೊಯ್ಯದೇ ಇದ್ರೂ ಮುಗೀತು ಸಾರ್.”

ಐದನೆಯದು ಕೊಯ್ದಳು. ಬಿಳಿ. ಅಂಚಿನಲ್ಲಿ ಒಂದು ಹಸಿರು ಬಳೆ.

ಹಜಾರದ ಉಸಿರು ಒಟ್ಟಿಗೇ ಹೊರಬಿತ್ತು. ಸಾವಿನ ಮನೆಯಲ್ಲಿ ಚಪ್ಪಾಳೆ ತಟ್ಟಬಾರದೆಂದು ದರ್ಜಿ ತನ್ನ ಒಂದು ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ.

ಪುಟ್ಟಿ ಗುಲಾಬಿಯನ್ನು ಒಂದು ಖಾಲಿ ಲೋಟದ ಬಾಯಿಯ ಮೇಲೆ ಕೂರಿಸಿ ಕಿಟಕಿಯಲ್ಲಿಟ್ಟಳು. ಅತ್ತೆಯ ಜಗ್ಗು ತನ್ನಷ್ಟಕ್ಕೆ ಬಾಗಿತು.

“ಅಡೀಲಿ ಒಂದು ಚೂರು…”

“ಬೇಡ ಅತ್ತೆ. ಗಾಯ ಒಣಗ್ಬೇಕು. ವಾರ ಹತ್ತು ದಿನ ಹೀಗೇ ಇರಲಿ, ಆಮೇಲೆ ಒಣಮಣ್ಣಿಗೆ ಇಟ್ರೆ ತಾನೇ ಬೇರು ಬಿಡುತ್ತೆ.”

“ನೀರಿಲ್ದೆ?”

“ಎಲೆ ತುಂಬಾ ಇಟ್ಕೊಂಡಿದೆ ಅತ್ತೆ.”

“ಹಾಗಾದ್ರೆ ನಾನೇನ್ ಮಾಡ್ಲಿ?”

“ಏನೂ ಮಾಡ್ಬೇಡಿ.”

ಅತ್ತೆ ಜಗ್ಗನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಅಷ್ಟು ಹೊತ್ತು ಅವರ ಕೈ ಸುಮ್ಮನಿದ್ದದ್ದನ್ನು ಅಲ್ಲಿದ್ದವರು ಯಾರೂ ನೋಡಿರಲಿಲ್ಲ.

“ಏನೂ ಮಾಡ್ಬೇಡಿ ಅಂತೆ,” ಎಂದು ದರ್ಜಿಗೆ ಹೇಳಿದರು. “ಎಲ್ಲಾ ಅಣ್ಣನ ಪಾಠ. ಅವನೇನು ಸುಮ್ನಿರ್ತಿದ್ನಾ? ಒಂಬತ್ತು ವರ್ಷದ ಹಿಂದೆ ಒಂದಿನ ಬೆಳಗ್ಗೆ ಬಂದವನೇ ನಮ್ಮನೆ ನಲ್ಲಿ ಬಿಚ್ಚಿ ಹಾಕ್ದ. ಚೆನ್ನಾಗಿದ್ದ ನಲ್ಲಿ! ಸಂಜೆವರೆಗೂ ಬಿಚ್ಚೋದು, ಹಾಕೋದು, ಬಿಚ್ಚೋದು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.”

*

ದರ್ಜಿಗೆ ಅತ್ತೆ ಹೇಳದಿದ್ದದ್ದು ಇಷ್ಟು. ಹಿಂದಿನ ದಿನ ಅವರ ಗಂಡ ಪೆಟ್ಟಿಗೆ ತುಂಬಿಕೊಂಡು ಮನೆ ಬಿಟ್ಟು ಹೋಗಿದ್ದ. ಅದನ್ನು ಇವರು ಯಾರಿಗೂ ತಿಳಿಸಿರಲಿಲ್ಲ. ಬೆಳಗ್ಗೆ ಅಕ್ಕಪಕ್ಕದವರಿಗೆ ಕೇಳಿಸಬಾರದೆಂದು ಅಡುಗೆಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರಿನ ಸದ್ದಿನಲ್ಲಿ ನಿಂತು ಅತ್ತಿದ್ದರು. ಆಗ ತಗಡಿನ ಹಕ್ಕಿಗಳ ಹಸಿರು ಗೇಟು ಕಿರುಗುಟ್ಟಿತು, ಬಾಗಿಲು ತಟ್ಟಿದ ಸದ್ದಾಯಿತು.

“ನಲ್ಲಿ ನೋಡೋಣ ಅಂತ ಬಂದೆ,” ಎಂದಿದ್ದರು ಅಣ್ಣ. ತಂಗಿಯ ಕೆಂಪಾದ ಮುಖ ನೋಡಲೇ ಇಲ್ಲ.

*

ದೊಡ್ಡಪ್ಪನನ್ನು ಒಯ್ಯಬೇಕಿದ್ದ ವ್ಯಾನು ಅರ್ಧ ಗಂಟೆ ತಡ ಎಂದು ಸುದ್ದಿ ಬಂತು. ಅರ್ಧ ಗಂಟೆ ಖಾಲಿ ಬಿಟ್ಟರೆ ತುಂಬಲು ಒಬ್ಬನಿದ್ದ: ಕಿವಿಯಣ್ಣನ ಜೊತೆ ಗುಂಡಿ ಅಗೆಯುತ್ತಿದ್ದ ಫಿಟ್ಟರ್. ಅವನು ಬಾಯಿ ತೆರೆದರೆ ಕಚೇರಿಯವರು ಗಡಿಯಾರ ನೋಡುತ್ತಿದ್ದರು.

“ಸುಳ್ಳಾದ್ರೆ ನಲ್ಲಿ ಬಿಚ್ಚೋ ಪಾನಾ ಜಾರಿ ನನ್ನ ಕಾಲ ಮೇಲೇ ಬೀಳ್ಲಿ. ಒಂದಿನ ಇನ್ನೂ ಸರಿಯಾಗಿ ಬೆಳಕಾಗಿಲ್ಲ, ರಸ್ತೆ ತಿರುವಲ್ಲಿ ಸಲಾಕೆ ಇಟ್ರು. ಐದು ನಿಮಿಷ ಅಲ್ಲಾಡ್ಲಿಲ್ಲ. ಪೈಪ್ ಒಡೆದಿದ್ಯಾ ಕಿವಿಯಣ್ಣ, ಅಗೀಲಾ ಅಂದೆ. ‘ಪೈಪಲ್ಲ ಕಣೋ, ನಲ್ಲಿ ಬಿಟ್ಕೊಂಡು ಯಾರೋ ಅಳ್ತಿದ್ದಾರೆ’ ಅಂದ್ರು.”

ಎಲ್ಲರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು.

“ಕಬ್ಬಿಣದಲ್ಲಿ ಅಳು ಕೇಳಿಸುತ್ತೇನಯ್ಯಾ?” ಎಂದರು ಇಂಜಿನಿಯರ್.

“ನನ್ನ ಕೇಳ್ಬೇಡಿ ಸಾರ್, ಕಬ್ಬಿಣನ ಕೇಳಿ. ಸಲಾಕೆ ನನ್ನ ಕೈಗೆ ಕೊಟ್ರು, ‘ನೀನು ಆಫೀಸಿಗೆ ಹೋಗು, ನನಗಿವತ್ತು ರಜ’ ಅಂತ ಪಾನಾ ಹಿಡ್ಕೊಂಡು ಹೊರಟೇಬಿಟ್ರು. ನಾನು ಬಿಡ್ತೀನಾ? ಹಿಂದೇ ಹೋಗಿ ಮರೆಯಲ್ಲಿ ನಿಂತು ನೋಡ್ದೆ. ಒಂದು ಹಸಿರು ಗೇಟಿನ ಮನೆ, ಅಕ್ಕಾ, ಮೇಲೆ ಎರಡು ತಗಡಿನ ಹಕ್ಕಿ, ಒಂದಕ್ಕೆ ತಲೆ ಇಲ್ಲ. ಬಾಗಿಲು ತೆಗೆದಿದ್ದು ಯಾರು ಅಂತೀರಿ, ನೀವು ನಂಬಲ್ಲ, ಸಾಕ್ಷಾತ್—”

ಅತ್ತೆ ಜಗ್ಗು ಹಿಡಿದು ಎದ್ದು ನಡೆದಾಗಿತ್ತು.

ಕಿಟಕಿಯ ಬಳಿ ಹೋಗಿ ನಿಂತರು. ಖಾಲಿ ಲೋಟದ ಮೇಲೆ ಕಲ್ಲುಗುಲಾಬಿ ಕೂತಿತ್ತು. ಅದರ ಪಕ್ಕದ ಮೂಲೆಯಲ್ಲಿದ್ದ ಸಲಾಕೆಯನ್ನು ಒಂದು ಸಲ ಮುಟ್ಟಿದರು. ಆಮೇಲೆ ಎರಡೂ ಕೈಯಲ್ಲಿ ಜಗ್ಗು ಎತ್ತಿ, ತುಟಿಗೆ ಹಚ್ಚಿ, ತಳ ಕಾಣುವವರೆಗೂ ಇಳಿಸದೆ ಕುಡಿದರು.