ಓ ಎನ್ನುವಷ್ಟು ದೂರ

ಟ್ರಾಮಿನ ಬಾಗಿಲು ಮುಚ್ಚಿಕೊಂಡಾಗ ಅತ್ತೆ ಒಳಗಿದ್ದಳು, ನಾನು ಹೊರಗಿದ್ದೆ.

ಆಗಿದ್ದು ಇಷ್ಟೇ. ಬೀದಿಯ ನಡುವೆ ಹಳಿಯ ಮೇಲೆ ಓಡುವ ಆ ಉದ್ದನೆಯ ಬಂಡಿ ಬಂದು ನಿಂತಿತು. ಅತ್ತೆ ತನ್ನ ರೂಢಿಯಂತೆ ಎಲ್ಲರಿಗಿಂತ ಮೊದಲು ನುಗ್ಗಿ ಕಿಟಕಿಯ ಪಕ್ಕ ಕೂತು, ಮಗ್ಗುಲಿನ ಸೀಟಿನ ಮೇಲೆ ನನಗಾಗಿ ಕರವಸ್ತ್ರ ಹಾಸಿದಳು. ನಾನು ನನ್ನ ರೂಢಿಯಂತೆ, ಹತ್ತುವವರೆಲ್ಲ ಹತ್ತಲಿ ಎಂದು ಬದಿಗೆ ಸರಿದು ನಿಂತೆ. ಕೊನೆಯವರೂ ಹತ್ತಿದ ಮೇಲೆ ಕಾಲೆತ್ತಿದೆ. ಬಾಗಿಲು ಮೂಗಿನ ಮುಂದೆ ಸದ್ದಿಲ್ಲದೆ ಕೂಡಿಕೊಂಡಿತು. ಗಾಜಿನಾಚೆ ಅತ್ತೆ ಕರವಸ್ತ್ರ ತೋರಿಸುತ್ತ ಬಾರೇ ಎಂದು ಕೈ ಬೀಸುತ್ತಿದ್ದಳು. ಕೈ ಬೀಸುತ್ತಲೇ ಹೊರಟುಹೋದಳು. ನಾನು ಕೂಗಬೇಕಿತ್ತು, ಗಾಜು ಬಡಿಯಬೇಕಿತ್ತು. ಕೈ ಎತ್ತಿದೆನೇ ಹೊರತು ಗಂಟಲಿನಿಂದ ಏನೂ ಹೊರಡಲಿಲ್ಲ.

ನಾವು ಆ ದೇಶಕ್ಕೆ ಬಂದಿಳಿದ ಮೊದಲ ದಿನ ಅದು. ಇಬ್ಬರ ಪಾಸ್‌ಪೋರ್ಟು, ದುಡ್ಡು, ಹೋಟೆಲಿನ ವಿಳಾಸ ಎಲ್ಲವೂ ನನ್ನ ಚೀಲದಲ್ಲಿದ್ದವು. ಹೋಟೆಲಿನ ಹೆಸರು ಅತ್ತೆಯ ನಾಲಿಗೆಗೆ ಹತ್ತಿರಲಿಲ್ಲ; ಬೆಳಗಿನಿಂದ ಅದನ್ನು ‘ಕೆಂಪು ಬಾಗಿಲಿನ ಮನೆ’ ಎನ್ನುತ್ತಿದ್ದಳು. ಆ ಊರಿನ ಅರ್ಧ ಬಾಗಿಲುಗಳು ಕೆಂಪು. ಅವಳ ಬಳಿ ಉಳಿದದ್ದು ನೀರಿನ ಬಾಟಲಿ ಮತ್ತು ಫೋನು. ಫೋನಿನಲ್ಲಿ ನಮ್ಮೂರಿನ ಸಿಮ್ ತೆಗೆದು, ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಹೊಸದು ಹಾಕಿಸಿದ್ದೆವು. ನನ್ನದಕ್ಕೂ ಹಾಗೆಯೇ. ಎರಡೂ ಇನ್ನೂ ಚಾಲೂ ಆಗಿರಲಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಕೆಲಸದಿಂದ ನಿವೃತ್ತಳಾಗುವವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲ್ ಬುಕ್ ಮಾಡಿ ಜನ ಅರ್ಧ ದಿನ ಕಾಯುತ್ತಿದ್ದ ಕಾಲದಲ್ಲಿ, ತೂತು ತೂತಿನ ಬೋರ್ಡಿನ ಮುಂದೆ ಕೂತು, ಒಬ್ಬರ ವೈರನ್ನು ಇನ್ನೊಬ್ಬರ ತೂತಿಗೆ ಸಿಕ್ಕಿಸಿ ಮಾತು ಕೂಡಿಸುತ್ತಿದ್ದಳು. ಈ ಊರಿಗೂ ಕಾಲ್ ಹೋಗುತ್ತಿದ್ದವಂತೆ. ಇಲ್ಲಿಯ ಆಪರೇಟರ್ ಹೆಂಗಸಿನ ದನಿ ಅವಳಿಗೆ ಪರಿಚಯವಿತ್ತಂತೆ. ಅದಕ್ಕೇ ಪಿಂಚಣಿಯಲ್ಲಿ ಉಳಿಸಿದ್ದನ್ನೆಲ್ಲ ಟಿಕೆಟಿಗೆ ಸುರಿದಳು. “ಈ ಊರನ್ನ ಕಿವೀಲಿ ಬೇಕಾದಷ್ಟು ನೋಡಿದೀನಿ, ಕಣ್ಣಲ್ಲಿ ಒಂದ್ಸಲ ನೋಡ್ಬೇಕು” ಎಂದಳು. ಜೊತೆಗೆ ಇಂಗ್ಲಿಷ್ ಓದಿದವಳು ಇರಲಿ ಎಂದು ನನ್ನನ್ನು ಎಳೆದುಕೊಂಡು ಬಂದಳು. ದಿನಚರಿಯಲ್ಲಿ ಪುಟಗಟ್ಟಲೆ ಬರೆಯುವ ನನಗೆ ಅಂಗಡಿಯಲ್ಲಿ ಸೋಪು ಕೇಳುವುದಕ್ಕೂ ನಾಲಿಗೆ ಏಳುವುದಿಲ್ಲ ಎಂಬುದು ಗೊತ್ತಿದ್ದೂ ಎಳೆದುಕೊಂಡು ಬಂದಳು. ಅವಳು ನನ್ನನ್ನು ಕರೆಯುವುದೇ ‘ಮೌನಗೌರಿ’ ಎಂದು.

ನಾನು ಸಿಮ್ ಅಂಗಡಿಗೆ ಓಡಿದೆ. ಬೇರೆ ಯಾವ ದಾರಿಯೂ ತೋಚಲಿಲ್ಲ.

ಅಂಗಡಿ ಒಂದು ಓಣಿಯಷ್ಟು ಅಗಲ. ಗೋಡೆಯ ತುಂಬ ಫೋನಿನ ಕವಚಗಳು, ಗಾಜಿನ ಮೇಜಿನಡಿ ಚಾರ್ಜರುಗಳ ಸಿಕ್ಕು, ಮೇಜಿನ ಹಿಂದೆ ಕನ್ನಡಕವನ್ನು ದಾರ ಕಟ್ಟಿ ಎದೆಗೆ ಇಳಿಬಿಟ್ಟ ದಪ್ಪನೆಯ ಅಂಗಡಿಯಮ್ಮ. ಆಕೆಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಅದರಿಂದಲೇ ಆಕೆ ಹೇಳಿದ್ದು ನನಗೆ ಪೂರಾ ತಿಳಿಯುತ್ತಿತ್ತು. ಎದುರಿಗೆ ಸಾಲು ಇತ್ತು. ಎಲ್ಲರೂ ನಮ್ಮ ಹಾಗೆ ಎಲ್ಲಿಂದಲೋ ಬಂದವರು, ಪೆಟ್ಟಿಗೆ ಚೀಲಗಳ ಸಮೇತ. ನಾನು ಅಭ್ಯಾಸಬಲದಿಂದ ಸಾಲಿನ ಕೊನೆಗೆ ನಿಂತೆ. ಹಾಗೆ ನಿಂತಿದ್ದೇನೆಂದು ಅರಿವಾದ ಕೂಡಲೇ ನನ್ನ ಮೇಲೆ ನನಗೇ ಹೇಸಿಗೆಯಾಗಿ, ಎಲ್ಲರನ್ನೂ ದಾಟಿ ಮೇಜಿನ ಮುಂದೆ ಹೋದೆ.

“ಮತ್ತೆ ಬಂದ್ರಾ? ಚಾಲೂ ಆಗುತ್ತೆ ಅಂದ್ನಲ್ಲ, ಸ್ವಲ್ಪ ಹೊತ್ತು” ಎಂದಳು ಅಂಗಡಿಯಮ್ಮ. ಆಮೇಲೆ ನನ್ನ ಹಿಂದೆ ಇಣುಕಿದಳು. “ಜೊತೇಲಿದ್ದ ಅಮ್ಮ ಎಲ್ಲಿ?”

“ಹೋದರು.”

“ಎಲ್ಲಿಗೆ?”

ನಾನು ಬೀದಿಯ ಕಡೆ ಕೈ ತೋರಿಸಿದೆ. ಆಕೆ ಕನ್ನಡಕ ಏರಿಸಿದಳು. ಸಾಲಿನವರಿಗೆ ತನ್ನ ಭಾಷೆಯಲ್ಲಿ ಏನೋ ಹೇಳಿ ಕಂಪ್ಯೂಟರಿನ ಕಡೆ ತಿರುಗಿದಳು. ನೋಡಿದರೆ ಎರಡೂ ಸಿಮ್‌ಗಳ ಅರ್ಜಿ ಅಲ್ಲೇ ಸಿಕ್ಕಿಕೊಂಡಿತ್ತು. ಪಾಸ್‌ಪೋರ್ಟಿನಲ್ಲಿ ನಮ್ಮಿಬ್ಬರಿಗೂ ಇರುವುದು ಒಂದೊಂದೇ ಹೆಸರು. ಮನೆತನದ ಹೆಸರಿನ ಜಾಗ ಖಾಲಿ. ಖಾಲಿ ಜಾಗವನ್ನು ಆ ದೇಶದ ಕಂಪ್ಯೂಟರು ಒಪ್ಪುತ್ತಿರಲಿಲ್ಲ.

“ನಿಮಗೆ ಮನೆತನವೇ ಇಲ್ವಾ?” ಎಂದಳು, ನಿಜಕ್ಕೂ ಮರುಕದಿಂದ.

“ಇದೆ. ಹೆಸರಲ್ಲಿ ಇಲ್ಲ.”

“ಅಪ್ಪನ ಹೆಸರು?”

“ಇನಿಶಿಯಲ್ ಆಗಿ ಇದೆ. ಒಂದೇ ಅಕ್ಷರ.”

ಆಕೆ ಆ ಒಂದಕ್ಷರ ಹೊಡೆದಳು. ಕಂಪ್ಯೂಟರು ಒಪ್ಪಲಿಲ್ಲ. ಊರಿನ ಹೆಸರು ಹೊಡೆದಳು. ಅದು ಉದ್ದವಾಯಿತು ಎಂದಿತು. ಕೊನೆಗೆ ಆಕೆಯೇ ನಿಟ್ಟುಸಿರುಬಿಟ್ಟು, ಖಾಲಿ ಜಾಗದಲ್ಲೂ ಅತ್ತೆಯ ಹೆಸರನ್ನೇ ಇನ್ನೊಮ್ಮೆ ಹೊಡೆದಳು. ಕಂಪ್ಯೂಟರು ಸುಮ್ಮನೆ ಒಳಗೆ ಬಿಟ್ಟುಕೊಂಡಿತು. ನನಗೂ ಹಾಗೆಯೇ ಮಾಡಿದಳು. ಯಾರೋ ಕೂಗುವಾಗ ಎರಡೆರಡು ಸಲ ಹೆಸರು ಹಿಡಿದು ಕೂಗಿದಂತೆ ಆ ದೇಶದ ಕಡತದಲ್ಲಿ ನಾವಿಬ್ಬರೂ ಕೂತೆವು.

“ಈಗ ಕಾಯ್ಬೇಕು. ಟವರ್ ಒಪ್ಪಿಕೊಳ್ಳೋವರೆಗೆ.”

“ಟವರಿಗೆ ಹೇಗೆ ಗೊತ್ತಾಗುತ್ತೆ, ಅವರು ಎಲ್ಲಿದಾರೆ ಅಂತ?” ಇಷ್ಟು ಉದ್ದದ ಪ್ರಶ್ನೆಯನ್ನು ನಾನು ಅಪರಿಚಿತರಿಗೆ ಕೇಳಿದ್ದು ಅದೇ ಮೊದಲಿರಬೇಕು.

“ಫೋನ್ ಸುಮ್ನೆ ಕೂತಿರೋದಿಲ್ಲಮ್ಮ. ಬ್ಯಾಗಲ್ಲಿ ಬಿದ್ದಿದ್ರೂ ಆಗಾಗ ಹತ್ತಿರದ ಟವರಿಗೆ ಹೇಳ್ತಾನೇ ಇರುತ್ತೆ: ಇಲ್ಲಿದೀನಿ, ಇಲ್ಲಿದೀನಿ. ನೀವು ಫೋನ್ ಮಾಡಿದ್ರೆ ಟವರುಗಳು ಕೂಗ್ತವೆ. ಎಲ್ಲ ಫೋನಿಗೂ ಆ ಕೂಗು ಕೇಳಿಸುತ್ತೆ, ಒಂದೇ ಒಂದು ಉತ್ತರ ಕೊಡುತ್ತೆ. ಅಷ್ಟೇ.”

ಆಕೆ ಅಷ್ಟೇ ಎಂದದ್ದನ್ನು ಕೇಳಿ ನನ್ನ ಮೈ ನವಿರೆದ್ದಿತು. ಇಷ್ಟು ವರ್ಷ ನನ್ನ ಜೇಬಿನಲ್ಲಿ, ದಿಂಬಿನಡಿಯಲ್ಲಿ, ನಾನು ಯಾರೊಂದಿಗೂ ಮಾತಾಡದ ದಿನಗಳಲ್ಲೂ, ಫೋನು ನನ್ನ ಪರವಾಗಿ ಓಗೊಡುತ್ತಲೇ ಇತ್ತು. ಅಂಗಡಿಯಲ್ಲಿ ಸುತ್ತ ನೋಡಿದೆ. ಸಾಲಿನಲ್ಲಿದ್ದ ಮುದುಕನೊಬ್ಬನ ಫೋನು ಆಗಷ್ಟೇ ಜೀವ ಹಿಡಿದಿರಬೇಕು. ಪರದೆಯ ಮೂಲೆಯಲ್ಲಿ ಗೆರೆಗಳು ಏಳುತ್ತಿದ್ದದ್ದನ್ನು ಕಂಡು ಅವನು ಪಕ್ಕದವನಿಗೆ ತೋರಿಸಿದ. ಪಕ್ಕದವನು ಅವನ ಬೆನ್ನು ತಟ್ಟಿದ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ.

ನನ್ನ ಫೋನಿನಲ್ಲೂ ಗೆರೆಗಳು ಎದ್ದವು. ಅತ್ತೆಯ ಹೊಸ ನಂಬರು ನನ್ನ ಚೀಲದಲ್ಲಿದ್ದ ಸಿಮ್ಮಿನ ಹೊದಿಕೆಯ ಮೇಲಿತ್ತು. ಒತ್ತಿದೆ. ಒಂದು ಹೆಣ್ಣುದನಿ ತಿಳಿಯದ ಭಾಷೆಯಲ್ಲಿ ಏನೋ ಹೇಳಿತು. ಫೋನನ್ನು ಅಂಗಡಿಯಮ್ಮನ ಕಿವಿಗೆ ಹಿಡಿದೆ.

“ಆಫ್ ಆಗಿದೆ ಅಂತಿದೆ.”

ಬ್ಯಾಟರಿ ಸತ್ತಿತೇ? ಹೊರಗೆ ಬೀದಿದೀಪಗಳು ಹತ್ತಿಕೊಳ್ಳುತ್ತಿದ್ದವು. ಅತ್ತೆ ಎಲ್ಲೋ ಇಳಿದು ಕೆಂಪು ಬಾಗಿಲು ಹುಡುಕುತ್ತ ಒಂದೊಂದೇ ಬೀದಿ ತಿರುಗುತ್ತಿರುವಂತೆ ಕಣ್ಣಿಗೆ ಕಟ್ಟಿತು. ಹೊರಡುವಾಗ ಅಮ್ಮ “ಅತ್ತೇನ ಬಿಟ್ಟು ಅತ್ತಿತ್ತ ಹೋಗ್ಬೇಡ” ಎಂದಿದ್ದಳು. ಅತ್ತಿತ್ತ ಹೋಗಿದ್ದು ಅತ್ತೆ, ನಾನಲ್ಲ ಎಂದು ಅಮ್ಮನಿಗೆ ಹೇಳುವುದಾದರೂ ಹೇಗೆ?

ಮತ್ತೆ ಒತ್ತಿದೆ. ಈ ಸಲ ರಿಂಗಾಯಿತು. ರಿಂಗು ನಿಂತಿತು. ಆಮೇಲೆ ಏನೂ ಇಲ್ಲ. ಬಾವಿಗೆ ಕಿವಿ ಕೊಟ್ಟ ಹಾಗೆ. ನಾನು ಕಾದೆ, ಕಾದೆ, ಕೊನೆಗೆ ಕಟ್ ಮಾಡಿದೆ.

“ಯಾಕೆ ಕಟ್ ಮಾಡಿದ್ರಿ? ಅವರು ಎತ್ತಿದ್ರಲ್ಲ, ಸೆಕೆಂಡು ಓಡ್ತಾ ಇತ್ತು.”

“ಯಾರೂ ಮಾತಾಡಲಿಲ್ಲ.”

“ನೀವು ಮಾತಾಡಿದ್ರಾ?”

ಇಲ್ಲ. ನಾನು ಫೋನಿನಲ್ಲಿ ಮೊದಲು ಮಾತಾಡುವವಳಲ್ಲ; ಆ ಕಡೆಯವರು ಹಲೋ ಅಂದ ಮೇಲೆಯೇ ನನ್ನ ಬಾಯಿ ತೆರೆಯುವುದು. ಅತ್ತೆಯೋ, ಫೋನೆತ್ತಿದರೆ ಮೊದಲು ಕೇಳಿಸಿಕೊಳ್ಳುವವಳು. ಲೈನು ಕೂಡಿತೇ, ಆ ಕಡೆ ಯಾರು, ಗೊರಗೊರ ಇದೆಯೇ ಎಂದು ಕಿವಿಗೊಟ್ಟು ನೋಡುವುದು ಅವಳ ಕೆಲಸವೇ ಆಗಿತ್ತು. ಅದರ ಮೇಲೆ ಇತ್ತೀಚೆಗೆ ನನ್ನ ಅಣ್ಣ ಬೇರೆ ಅವಳಿಗೆ ಹೇಳಿಕೊಟ್ಟಿದ್ದ: “ಗೊತ್ತಿಲ್ದಿರೋ ನಂಬರಿಂದ ಬಂದ್ರೆ ಬಾಯೇ ಬಿಡಬೇಡ ಅತ್ತೆ, ದನಿ ಕದ್ದು ಅದೇ ದನೀಲಿ ನಮ್ಮನ್ನ ದುಡ್ಡು ಕೇಳ್ತಾರೆ.” ಅತ್ತೆ “ಕದಿಯೋರು ಕೆಮ್ಮನ್ನೂ ಸೇರಿಸಿ ತಗೊಂಡು ಹೋಗ್ಲಿ” ಎಂದು ನಕ್ಕಿದ್ದಳು. ಆದರೂ ಪಾಲಿಸುತ್ತಿದ್ದಳು. ನನ್ನ ಹೊಸ ನಂಬರು ಅವಳಿಗೆ ಗೊತ್ತಿಲ್ಲದ ನಂಬರು.

ಅಂದರೆ ಒಂದು ಪರದೇಶದ ಆಕಾಶದಲ್ಲಿ ನಮ್ಮಿಬ್ಬರ ಮೌನವನ್ನು ಟವರುಗಳು ಶ್ರದ್ಧೆಯಿಂದ ಅತ್ತಿಂದಿತ್ತ ಹೊತ್ತಿದ್ದವು. ಅದು ಅತ್ತೆಯ ಮೌನವೇ, ಆ ಕಡೆ ಕಿವಿಗೊಟ್ಟು ಕೂತಿದ್ದವಳು ಅವಳೇ ಎಂದು ನೆನೆದಾಗ ಕಾಲಿಗೆ ನೆಲ ಸಿಕ್ಕಂತಾಯಿತು.

ಮೂರನೆಯ ಸಲ ಒತ್ತಿದೆ. ರಿಂಗು ನಿಂತಿತು. ಬಾವಿಯಂಥ ಆ ಸದ್ದು. ಸಾಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿ, ಹಿತ್ತಲಿನಿಂದ ಬೀದಿಗೆ ಕೂಗುವ ಹಾಗೆ ಕೂಗಿದೆ.

“ಅತ್ತೇ...”

“ಓ” ಎಂದಳು ಅತ್ತೆ.

ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತ ಕೂತವಳು ಅನ್ನುವಂತೆ ಅಂದಳು. ನಮ್ಮ ಮನೆಯಲ್ಲಿ ಕರೆದರೆ ಹಲೋ ಅನ್ನುವುದಿಲ್ಲ, ಏನು ಅನ್ನುವುದಿಲ್ಲ, ಓ ಅನ್ನುತ್ತೇವೆ. ಇದ್ದೇನೆ, ಕೇಳಿಸಿತು, ಹೇಳು: ಮೂರೂ ಅದರಲ್ಲೇ ಬಂತು. ಆ ಒಂದು ಸ್ವರ ಎಷ್ಟು ಕಂಬ ಏರಿ, ಎಷ್ಟು ನೆಲದಡಿಯ ತಂತಿ ಹೊಕ್ಕು, ಎಷ್ಟು ಸಾವಿರ ಫೋನುಗಳನ್ನು ಮುಟ್ಟದೆ ದಾಟಿ ನನ್ನ ಕಿವಿಗೆ ಬಂದಿತೋ. ಅದರ ತುದಿಯ ಸಣ್ಣ ಒಡಕು ಕೂಡ ಎಲ್ಲೂ ಸವೆದಿರಲಿಲ್ಲ.

“ನೀನೇ ಏನೇ, ಮೌನಗೌರಿ? ಹಿಂದಿನ ಸಲವೂ ನೀನೇನಾ, ಉಸಿರಾಡಿ ಇಟ್ಟಿದ್ದು? ನಾನ್ಯಾವುದೋ ಕಳ್ಳ ಅಂದ್ಕೊಂಡೆ.”

“ಎಲ್ಲಿದೀಯಾ ಅತ್ತೆ?”

“ಅದು ನನಗೆ ಗೊತ್ತಿದ್ರೆ ನಿನ್ನ ಫೋನ್ ಯಾಕೆ ಬೇಕಿತ್ತು? ಟ್ರಾಮಲ್ಲೇ ಇದೀನಿ. ಎಲ್ರೂ ಇಳಿದು ಹೋದ್ರು. ಡ್ರೈವರು ಬಂದು ಏನೇನೋ ಹೇಳ್ತಿದಾಳೆ, ಹೆಂಗಸು ಕಣೇ, ಒಳ್ಳೆ ಗಟ್ಟಿಗಿತ್ತಿ. ನಾನು ಏಳ್ಲಿಲ್ಲ.”

“ಯಾಕೆ?”

“ನಿನ್ನ ಸೀಟು ಹಿಡಿದಿದೀನಲ್ಲ.”

ನನಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. “ಫೋನ್ ಆಫ್ ಆಗಿತ್ತಲ್ಲ?”

“ನಾನೇ ಆಫ್ ಮಾಡಿ ಆನ್ ಮಾಡ್ದೆ. ಸತ್ತ ಲೈನಿಗೆ ಪಿನ್ನು ಕಿತ್ತು ಹಾಕೋದು, ನಮ್ಮ ಕಾಲದ ಮದ್ದು.”

“ಡ್ರೈವರಿಗೆ ಫೋನ್ ಕೊಡು ಅತ್ತೆ. ಇಲ್ಲಿ ಅಂಗಡಿಯವರು ಅವರ ಭಾಷೇಲಿ ಮಾತಾಡ್ತಾರೆ.”

ಅತ್ತೆ ಗಂಟಲು ಸರಿಮಾಡಿಕೊಂಡಳು. ಆಮೇಲೆ ನಾನು ಎಂದೂ ಕೇಳಿರದ ದನಿಯೊಂದು ಬಂತು: ಸಪಾಟಾದ, ನಯವಾದ, ಯಾರದ್ದೂ ಅಲ್ಲದ ದನಿ. “ಹೋಲ್ಡ್ ಆನ್ ಪ್ಲೀಸ್. ಕನೆಕ್ಟ್ ಮಾಡ್ತಿದೀನಿ.”

ಅಂಗಡಿಯಮ್ಮ ನನ್ನ ಫೋನು ತೆಗೆದುಕೊಂಡಳು. ಒಂದಕ್ಷರವೂ ತಿಳಿಯದ ಮಾತು ಹೋಯಿತು, ಬಂತು. ಅದರಲ್ಲೆಲ್ಲ ನನ್ನ ಅತ್ತೆಯೇ ಇದ್ದಳು. ಅಂಗಡಿಯಮ್ಮ ಹೊಟ್ಟೆ ಹಿಡಿದು ನಗತೊಡಗಿದಾಗ ನನಗೂ ಜೀವ ಬಂತು.

“ಪಕ್ಕದ ಸೀಟಲ್ಲಿ ದಾರಿಯುದ್ದಕ್ಕೂ ಯಾರನ್ನೂ ಕೂರೋಕೆ ಬಿಡಲಿಲ್ವಂತೆ ನಿಮ್ಮಮ್ಮ. ಅದು ಕೊನೇ ನಿಲ್ದಾಣ. ಅದೇ ಬಂಡಿ ಈಗ ವಾಪಸ್ ಬರುತ್ತೆ, ಅವರು ಕೂತಿರಲಿ ಅಂತ ಡ್ರೈವರು ಅಂದಿದಾಳೆ. ನೀವು ಎದುರುಗಡೆ ಹಳಿ ಹತ್ತಿರ ನಿಂತ್ಕೊಳ್ಳಿ. ಫೋನ್ ಮಾತ್ರ ಇಡಬೇಡಿ.”

ನಾನು ಆಕೆಗೆ ಕೈ ಮುಗಿದೆ. ಸಾಲಿನವರಿಗೂ ಮುಗಿದೆ. ಬೀದಿ ದಾಟಿ ನಿಂತೆ.

“ಹೊರಟಿತು ಕಣೇ” ಎಂದಳು ಅತ್ತೆ ಕಿವಿಯಲ್ಲಿ. “ಏನಾದ್ರೂ ಮಾತಾಡ್ತಿರು. ಸುಮ್ನಿದ್ರೆ ಲೈನ್ ಸತ್ತಿತೇನೋ ಅನ್ಸುತ್ತೆ.”

ನಾನು ಮಾತಾಡಿದೆ. ಬೀದಿಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ: ಎದುರುಗಡೆ ಗಡಿಯಾರ ರಿಪೇರಿ ಅಂಗಡಿ ಮುಚ್ಚುತ್ತಿದೆ, ಒಬ್ಬಾಕೆ ಏಣಿ ಹೊತ್ತುಕೊಂಡು ಹೋಗುತ್ತಿದ್ದಾಳೆ, ಮಾಡಿನ ಮೇಲೆ ಬಿಳಿ ಪೆಟ್ಟಿಗೆಗಳನ್ನು ಹೊತ್ತ ಕಂಬವಿದೆ, ಬಹುಶಃ ನೀನು ಈಗ ಅದರ ಮೂಲಕವೇ ಬರುತ್ತಿದ್ದೀಯೆ. ಹೇಳುತ್ತಾ ನನ್ನ ಮುಖದ ಮುಂದಿನ ಬರಿಗಾಳಿಯನ್ನು ನೋಡಿದೆ. ಅದರಲ್ಲಿ ಆ ಹೊತ್ತಿನಲ್ಲಿ ಎಷ್ಟು ಊರುಗಳ, ಎಷ್ಟು ಮನೆಗಳ ಕೂಗು ಮತ್ತು ಓಗಳು ಹಾದುಹೋಗುತ್ತಿದ್ದವೋ. ಒಂದೂ ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತಿರಲಿಲ್ಲ. ಇದೆಲ್ಲದರ ನಡುವೆ ನಿಂತು ನಾನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆನಲ್ಲ ಎನ್ನಿಸಿತು.

“ನಾನು ಆಗ ಇಲ್ಲಿಗೆ ಕಾಲ್ ಹಾಕ್ತಿದ್ದಾಗ” ಎಂದಳು ಅತ್ತೆ, “ಆ ಹೆಂಗಸಿನ ದನಿ ಇಲ್ಲೇ ಎಲ್ಲೋ ಒಂದು ಕಟ್ಟಡದಿಂದ ಬರ್ತಿತ್ತು. ಈಗ ನೋಡು, ಇದೇ ಊರೊಳಗೆ ನಾನೇ ಬಂದು ಕೂತಿದೀನಿ.” ಆಮೇಲೆ ಗಾಲಿಗಳ ಕರಕರ ಸದ್ದಷ್ಟೇ ಬರುತ್ತಿತ್ತು.

ಫೋನಿನೊಳಗೆ ಟ್ರಾಮಿನ ಗಂಟೆ ಮೊಳಗಿತು. ಬೀದಿಯಲ್ಲಿ ಏನೂ ಇರಲಿಲ್ಲ. ಇನ್ನೊಮ್ಮೆ ಮೊಳಗಿತು, ಬೀದಿಯ ತಿರುವಿನಾಚೆಯಿಂದ ತೆಳ್ಳಗೆ ಏನೋ ಕೇಳಿದಂತಾಯಿತು. ಮೂರನೆಯದು ಮೊದಲು ಬೀದಿಯಲ್ಲಿ ಕೇಳಿಸಿತು, ಆಮೇಲೆ ಕಣ್ರೆಪ್ಪೆ ಬಡಿಯುವಷ್ಟು ತಡವಾಗಿ ಕಿವಿಯಲ್ಲಿ. ಒಂದೇ ಗಂಟೆ, ಎರಡು ದಾರಿ.

ಬಂಡಿ ನಿಂತಿತು. ನಾನು ಬದಿಗೆ ಸರಿಯಲಿಲ್ಲ. ಬಾಗಿಲಿಗೆ ಎದೆಕೊಟ್ಟು ನಿಂತೆ. ಅತ್ತೆ ಕಿವಿಗೆ ಫೋನು ಒತ್ತಿಕೊಂಡೇ ಇಳಿದಳು.

“ಇಡೇ ಫೋನು, ಎದುರಿಗೇ ಬಂದೆನಲ್ಲ” ಎಂದಳು.

ನಾನು ಇಡಲಿಲ್ಲ. ಅದೇ ಮಾತು, ಅದೇ ಒಡಕಿನ ಸಮೇತ, ಆ ಕಂಬದ ಎತ್ತರಕ್ಕೆಲ್ಲ ಹೋಗಿ ಇನ್ನೊಮ್ಮೆ ನನ್ನ ಕಿವಿಗೆ ಬರುತ್ತಿತ್ತು.