ಹೆಬ್ಬಲಸಿನ ಗಿಡುಗ, ಹರಕೆಯ ಕೋಳಿ

ಬೀಡಿ ಕಟ್ಟುವಾಗ ಲೋಲಾಕ್ಷಿಯ ಕಣ್ಣು ಮೊರದ ಮೇಲಿರುವುದಿಲ್ಲ, ಹಿತ್ತಿಲಿನ ಹೆಬ್ಬಲಸಿನ ಮರದ ಮೇಲಿರುತ್ತದೆ. ಅಲ್ಲಿ ಈ ವರ್ಷ ಗಿಡುಗವೊಂದು ಎರಡು ಮರಿ ಮಾಡಿತ್ತು. ದೊಡ್ಡದು ರೆಕ್ಕೆ ಬಲಿತ ನಾಲ್ಕೇ ದಿನದಲ್ಲಿ ಓತಿ ಹಿಡಿಯಲು ಕಲಿಯಿತು. ಚಿಕ್ಕದರ ಕಥೆ ಹೇಳಿ ಸುಖವಿಲ್ಲ. ಒಣಗಿದ ಅಡಿಕೆ ಹಾಳೆಗೆ ಎರಗಿತು, ತೆಂಗಿನ ಸಿಪ್ಪೆಗೆ ಎರಗಿತು, ಒಣಗಲು ಹಾಕಿದ ಲೋಲಾಕ್ಷಿಯ ರವಿಕೆಗೂ ಉಗುರು ಹಾಕಿತು. ಪ್ರತಿ ಸಲವೂ ಬಿದ್ದು, ಎದ್ದು, ಯಾರೂ ನೋಡಲಿಲ್ಲ ಎಂಬ ಗತ್ತಿನಲ್ಲಿ ರೆಕ್ಕೆ ಕೊಡವಿ ಪುನಃ ಮರ ಸೇರುತ್ತಿತ್ತು. ಆ ಗತ್ತು ಅವಳಿಗೆ ಬಹಳ ಹಿಡಿಸಿತ್ತು.

ಹಿಡಿಸದೇ ಹೋದದ್ದು ಅಣ್ಣ ಪ್ರೇಮನಾಥನಿಗೆ. ತಾಯಿಯಿಂದ ಮಗಳಿಗೆ ಬರುವ ಆಸ್ತಿ ಅವರದು, ಹಿತ್ತಿಲು ಲೋಲಾಕ್ಷಿಯದೇ. ಆದರೆ ಯಜಮಾನಿಕೆ ಅಣ್ಣನದು. ಅವಳನ್ನು ಕೇಳುವ ಕ್ರಮವೇ ಇಲ್ಲ. ತನ್ನ ಮೊಣಕಾಲು ನೋವಿಗೆ ಅವನು ಗುಳಿಗ ದೈವಕ್ಕೆ ಕೋಳಿ ಹರಕೆ ಹೇಳಿಕೊಂಡ. ಕೋಳಿ ಯಾರದು? ಅವಳದು. ಅವಳು ಸಾಕಿದ ಕೋಳಿಮರಿಯೊಂದರ ಕಾಲಿಗೆ ಹರಕೆಯ ಗುರುತಿಗೆ ಕೆಂಪು ನೂಲು ಕಟ್ಟಿ ಹೋದವನು, ಗಿಡುಗದ ಸುದ್ದಿ ಕಿವಿಗೆ ಬಿದ್ದದ್ದೇ ಮರ ಕೊಯ್ಯುವ ಚೋಮನನ್ನು ಮೆಷಿನ್ ಸಮೇತ ಕರೆತಂದ.

ಲೋಲಾಕ್ಷಿ ಮೊರ ಎತ್ತಿಕೊಂಡು ಬಂದು ಮರದ ಬುಡಕ್ಕೆ ಬೆನ್ನು ಕೊಟ್ಟು ಕೂತಳು.

“ಏಳು ಲೋಲಾ. ಮರ ತೆಗಿಲಿಕ್ಕೆ ಉಂಟು.”

“ಏಳುದಿಲ್ಲ.”

“ಹರಕೆಯ ಕೋಳಿ ಹೋದ್ರೆ ಗುಳಿಗನಿಗೆ ಎಂತ ಹೇಳುದು?”

“ನಿಮ್ಮ ಮೊಣಕಾಲಿಗೆ ನನ್ನ ಕೋಳಿ. ನಿಮ್ಮ ಹೆದರಿಕೆಗೆ ನನ್ನ ಮರ. ನನ್ನತ್ರ ಒಂದು ಮಾತು ಕೇಳಿದ್ರಾ ಅಣ್ಣ?”

ಐವತ್ತು ವರ್ಷದಲ್ಲಿ ಅಣ್ಣನಿಗೆ ಎದುರು ಮಾತಾಡಿದ್ದು ಇದೇ ಮೊದಲು. ಅವಳು ಬೀಡಿ ಎಲೆ ಕತ್ತರಿಸುತ್ತಲೇ ಇದ್ದಳು.

ಅಷ್ಟರಲ್ಲಿ ಮೇಲಿನಿಂದ ಚಿಕ್ಕದು ಎರಗಿತು. ಈ ಸಲ ಬೀಳಲಿಲ್ಲ. ಅಂಗಳದ ಕೋಳಿಗಳು ದಿಕ್ಕಾಪಾಲಾದವು. ಗಿಡುಗ ಹೊತ್ತೊಯ್ದ ಮರಿಯ ಕಾಲಿನಲ್ಲಿ ಕೆಂಪು ನೂಲು ನೇತಾಡುತ್ತಿತ್ತು.

“ನೋಡಿದ್ಯಾ?” ಎಂದ ಪ್ರೇಮನಾಥ, ಗೆದ್ದವನಂತೆ.

ನುಚ್ಚು ಹಾಕಿ ಸಾಕಿದ ಮರಿ. ಆದರೂ ಲೋಲಾಕ್ಷಿ ಏಳಲಿಲ್ಲ.

“ನೋಡಿದೆ. ಗುಳಿಗನ ಕೋಳಿ ಗುಳಿಗನಿಗೆ ಸಂದಾಯ ಆಯ್ತು. ಅವ ಯಾರನ್ನು ಕಳಿಸಿ ತರಿಸಿಕೊಳ್ತಾನೋ ಅದು ಅವನಿಗೆ ಬಿಟ್ಟದ್ದು. ಇನ್ನು ಈ ಮರ ಮುಟ್ಟಿದ್ರೆ ಅವ ಉಣ್ಣುವ ಎಲೆಗೆ ಕೈ ಹಾಕಿದ ಹಾಗೆ. ಕೊಯ್ತಿಯಾ ಚೋಮ?”

ಚೋಮ ಕೊಂಬೆಯತ್ತ ನೋಡಿದ. ಅಲ್ಲಿಂದ ಪುಕ್ಕ ಉದುರುತ್ತಿತ್ತು. “ನನ್ನಿಂದಾಗ್ಲಿಕ್ಕಿಲ್ಲ ಅಕ್ಕ” ಎಂದು ಮೆಷಿನ್ ಹೆಗಲಿಗೇರಿಸಿ ಹೊರಟೇಬಿಟ್ಟ.

ಪ್ರೇಮನಾಥ ಕುಂಟುತ್ತಾ ಬೇಲಿಯ ತಡಮೆ ದಾಟುವವರೆಗೆ ಲೋಲಾಕ್ಷಿ ಕಾದಳು.

“ಇನ್ನು ಹರಕೆ ಹೇಳುವಾಗ ನಿಮ್ಮದೇ ಕೋಳಿ ಹೇಳಿ ಅಣ್ಣ.”