ಐರಿಸ್ ನೋಡದ ಐವತ್ತು ನಿಮಿಷ

ನಾನು ಒಂದು ವಿಡಿಯೋ ಟೇಪು. ನೀವು ಕಂಡ ಅಂಗೈಯಗಲದ ಕ್ಯಾಸೆಟ್ಟಲ್ಲ. ಊಟದ ತಟ್ಟೆಗಿಂತ ದೊಡ್ಡ ಸುರುಳಿ, ಎತ್ತಿದವನ ಸೊಂಟ ಹಿಡಿಯುವಷ್ಟು ಭಾರ. ಕಾರ್ಖಾನೆಯಲ್ಲಿ ಮೈಗೆಲ್ಲ ತುಕ್ಕಿನ ಬಣ್ಣದ ಪುಡಿ ಬಳಿದು, ೧೯೬೮ರಲ್ಲಿ ನನ್ನನ್ನು ಲಂಡನ್ನಿನ ಒಂದು ಟೆಲಿವಿಷನ್ ಸ್ಟುಡಿಯೋಗೆ ಕಳಿಸಿದರು.

ಅಲ್ಲಿ ವಾರಕ್ಕೊಂದು ಹೊಸ ಭಯದ ಕಥೆ ತೋರಿಸುತ್ತಿದ್ದರು. ನನ್ನ ಪಾಲಿಗೆ ಬಂದದ್ದು ವಾಮಾಚಾರದ ಕಥೆ. ಬಂಗಲೆಯ ಕೆಲಸದಾಕೆಯೊಬ್ಬಳು ಕರಿ ಮೇಣದಬತ್ತಿ ಹಚ್ಚಿ ಸತ್ತ ಮಗುವನ್ನು ಕರೆಯುತ್ತಾಳೆ, ಬರುವುದು ಬೇರೇನೋ. ಆ ಪಾತ್ರ ಐರಿಸ್ ಪೆಂಗೆಲಿಯದು. ಹನ್ನೊಂದು ವರ್ಷ ಟ್ರೇ ಹಿಡಿದು ಬಂದುಹೋಗುವ ಪಾತ್ರಗಳನ್ನೇ ಮಾಡಿದ್ದ ನಟಿಗೆ ಅದೇ ಮೊದಲ ದೊಡ್ಡ ಪಾತ್ರ. ಕೊನೆಯದೂ ಅದೇ ಆಯಿತು.

ಆಗ ತಪ್ಪಾದರೆ ಟೇಪನ್ನು ಬ್ಲೇಡಿನಿಂದ ಕೊಯ್ದು ಅಂಟಿಸಬೇಕಿತ್ತು. ಕೊನೆಯ ದೃಶ್ಯದ ನಡುವೆ ಮೇಣದಬತ್ತಿ ಆರಿಹೋಯಿತು. ಯಂತ್ರದ ಕೋಣೆಯಲ್ಲಿದ್ದ ಎಂಜಿನಿಯರ್ ಡೆನಿಸ್ ಬ್ಲೇಡು ಹೊರಗೆ ತೆಗೆದ. ಐರಿಸ್ ಮಾತ್ರ ನಿಲ್ಲಿಸಲಿಲ್ಲವಂತೆ. ಅಳುತ್ತಲೇ ಮತ್ತೆ ಕಡ್ಡಿ ಗೀರಿ, ಮಾತು ಮುಂದುವರಿಸಿದಳಂತೆ. ಬ್ಲೇಡು ಡಬ್ಬಿಗೆ ಹೋಯಿತು. ಮೈಗೆ ಗಾಯವಾಗಲಿಲ್ಲವೆಂದು ನಾನು ಹಿಗ್ಗಿದೆ, ಪೆದ್ದ.

ಪ್ರಸಾರವಾದ ಸಂಜೆ ಐರಿಸ್ ದೂರದ ಊರೊಂದರ ನಾಟಕದಲ್ಲಿ ಮತ್ತೆ ಟ್ರೇ ಹಿಡಿದು ನಿಂತಿದ್ದಳು. ದೇಶವೆಲ್ಲ ನೋಡಿತು, ಅವಳೊಬ್ಬಳು ನೋಡಲಿಲ್ಲ. ಮರುಪ್ರಸಾರದಲ್ಲಿ ನೋಡಿದರಾಯಿತು ಅಂದುಕೊಂಡಳಂತೆ. ಅದು ಆಗಲೇ ಇಲ್ಲ.

ಮೂರು ವರ್ಷದ ಮೇಲೆ ಹೊಸ ಟೇಪಿಗೆ ಬರ ಬಂತು. ಪಟ್ಟಿ ಹಿಡಿದು ಬಂದ ಗುಮಾಸ್ತ ಕೊಯ್ದು ಅಂಟಿಸಿದ ಟೇಪುಗಳನ್ನು ಮರುಬಳಕೆಗೆ ಬಾರವೆಂದು ಹಾಗೇ ಬಿಟ್ಟ. ನನ್ನ ಚೀಟಿ ನೋಡಿ, ಒಂದೂ ಗಾಯವಿಲ್ಲ, ಹೊಸದರ ಹಾಗಿದೆ ಎಂದು ಹೊಗಳಿದ. ಆಮೇಲೆ ಟೇಪಿನಲ್ಲಿದ್ದುದನ್ನೆಲ್ಲ ಅಳಿಸುವ ಅಯಸ್ಕಾಂತದ ಯಂತ್ರಕ್ಕೆ ಕೊಟ್ಟ. ಒಂದು ನಿಮಿಷವೂ ಹಿಡಿಯಲಿಲ್ಲ. ನೋವಾಗಲಿಲ್ಲ, ಅದಕ್ಕೇ ಇನ್ನೂ ಸಂಕಟ. ನನ್ನ ಮೇಲೆ ಕುದುರೆ ಜಿಗಿತದ ಪಂದ್ಯವೊಂದನ್ನು ತುಂಬಿದರು.

ಮೂವತ್ತೆರಡು ವರ್ಷ ಕಳೆದು ಐರಿಸ್ ನಾನಿದ್ದ ಟೇಪುಗಳ ಉಗ್ರಾಣಕ್ಕೆ ಬಂದಳು. ಕೈಯಲ್ಲಿ ಕೋಲು. ನನ್ನಂಥವರನ್ನು ನಡೆಸಬಲ್ಲ ಯಂತ್ರ ಒಂದೇ ಉಳಿದಿತ್ತು. ಅದನ್ನು ನಡೆಸಬಲ್ಲವನು ಮುದಿ ಡೆನಿಸ್ ಒಬ್ಬನೇ. ಅಳಿಸಿಹೋಗಿದೆ ಎಂದು ಅವನು ಮೊದಲೇ ಹೇಳಿದ್ದ. ಆದರೂ ಹಾಕಿ ತೋರಿಸಲು ಕೇಳಿಕೊಂಡಳು. ಪರದೆಯ ಮೇಲೆ ಕುದುರೆಗಳು ಬೇಲಿ ಹಾರಿದವು.

"ಇದರ ಕೆಳಗೆ ಸ್ವಲ್ಪವಾದರೂ ಉಳಿದಿರುತ್ತಾ?"

ಕೆಳಗೆ ಏನೂ ಉಳಿಯುವುದಿಲ್ಲ ಎಂದ ಅವನು.

"ನಾನು ಚೆನ್ನಾಗಿ ಮಾಡಿದ್ದೆನಾ, ಡೆನಿಸ್? ನೀನು ಇದ್ದೆಯಲ್ಲ."

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿ ಎಂದು ನಾನು ಹಾರೈಸಿದೆ.

"ನಾನು ಮೀಟರಿನ ಮುಳ್ಳು ನೋಡ್ತಾ ಇದ್ದೆ, ಐರಿಸ್. ಮುಖ ನೋಡೋದು ನನ್ನ ಕೆಲಸ ಆಗಿರಲಿಲ್ಲ."

ಅವಳು ತಲೆಯಾಡಿಸಿದಳು. ಪಂದ್ಯ ಮುಗಿಯುವವರೆಗೂ ಕೂತು ನೋಡಿ ಹೋದಳು.

ನಾನು ಮತ್ತೆ ಕಪಾಟು ಸೇರಿದ್ದೇನೆ. ಅವಳ ಮುಖವನ್ನು, ದನಿಯನ್ನು ಮೂರು ವರ್ಷ ಮೈತುಂಬ ಹೊತ್ತದ್ದು ನಾನು. ಎಷ್ಟು ಹುಡುಕಿಕೊಂಡರೂ ಕುದುರೆಗಳೇ ಸಿಗುತ್ತವೆ. ಅವಳು ಚೆನ್ನಾಗಿ ಮಾಡಿದ್ದಳೇ? ನನಗೂ ಗೊತ್ತಿಲ್ಲ.